ಒರಗುಗಲ್ಲು

"ಏಳೇ ಮುದ್ಕಿ, ದರಿದ್ರಮುಂಡೆ. ಆ ಕಂಬಕ್ಕೆ ನಿನ್ನ ಬೆವ್ರು ಬಳೀಬೇಡ. ನೆನ್ನೆ ತಾನೆ ಸುಣ್ಣ ಹೊಡ್ಸಿವ್ನಿ."

ಬೈದವನು ದ್ವೀಪದ ಕೌನ್ಸಿಲ್ಲಿನ ಗುಮಾಸ್ತ ತೆಬಾವು. ಬೈಸಿಕೊಂಡವಳು ರೆರೆಯಾ. ಕೇದಗೆ ಗರಿ ಹೊಲಿದು ಮಾಡು ಹೊದಿಸುವುದರಲ್ಲಿ ಅವಳ ಸಮಕ್ಕೆ ನಿಲ್ಲುವವರು ಸೂರ್ಯ ಹುಟ್ಟುವ ದ್ವೀಪದಿಂದ ಮುಳುಗುವ ದ್ವೀಪದವರೆಗೆ ಒಬ್ಬರೂ ಇರಲಿಲ್ಲ. ಅವಳು ಹೊಲಿದ ತಟ್ಟಿಗಳನ್ನು ಸಾಲಾಗಿ ಹಾಸಿದರೆ ಚಂದ್ರನನ್ನು ಮುಟ್ಟಿ, ಅವನಿಗೂ ಒಂದು ಮಾಡು ಹೊದಿಸಿ, ಮಿಕ್ಕಿದ್ದರಲ್ಲಿ ಹಂದಿಗೂಡು ಮುಚ್ಚಬಹುದಿತ್ತು. ಹೊಲಿಗೆಗಿಂತ ದೊಡ್ಡದು ಅವಳ ಅನುಮಾನ. ಉಬ್ಬರ ಬಂದರೆ ಯಾರು ಕಳಿಸಿದ್ದು ಎಂದು ಕೇಳುವವಳು. ಅವಳ ಕಣ್ಣಿಗೆ ಹೆದರಿ ಏಡಿಗಳು ಕೂಡ ನೆಟ್ಟಗೆ ನಡೆಯುತ್ತಿದ್ದವು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಅಂಥವಳು ಬೈಗುಳ ಕೇಳಿಯೂ ಏಳಲಿಲ್ಲ. ಕಾರಣ, ಅವಳ ಬೆನ್ನು. ದಣಿವಾರಿಸಿಕೊಳ್ಳಲೆಂದು ಹವಳದ ಕಲ್ಲಿನ ಕಂಬಕ್ಕೆ ಒರಗಿದ್ದೇ ತಡ, ಬೆನ್ನು ಒಂದು ತಗ್ಗಿನೊಳಗೆ ಹೋಗಿ ಅಂಟಿಕೊಂಡಿತು. ಎಡ ಹೆಗಲಿನ ಕೆಳಗೆ ಒಂದು ಗಂಟು ಒತ್ತಿತು. ಆ ತಗ್ಗು ಅವಳ ಅಜ್ಜಿಯರ ಬೆನ್ನು ಸವೆಸಿದ್ದು, ಆ ಗಂಟು ಅವರೆಲ್ಲ ಬೈದುಕೊಂಡು ಒರಗುತ್ತಿದ್ದದ್ದು.

"ಕೇಳುಸ್ತಾ ಇಲ್ವಾ?" ಎಂದ ತೆಬಾವು.

"ಎದ್ದೆ ಕಣಪ್ಪ" ಎಂದು ರೆರೆಯಾ ಎದ್ದಳು. ಏಳುವಾಗ ಉಗುರಿನಿಂದ ಸುಣ್ಣ ಕೆರೆದು ನೋಡಿಕೊಂಡಳು.

ಆ ಕಲ್ಲು ಅವಳ ಹಳ್ಳಿಯ ಮಾನೆಯಾಬಾದ್ದು. ಊರಿಗೆ ಊರೇ ಕೂರುತ್ತಿದ್ದ ಆ ಹಳೆಯ ಸಭಾಮನೆಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಲ್ಲು. ತನ್ನ ಕಲ್ಲಿಗೆ ಒರಗಿದವರಿಗಷ್ಟೇ ಮಾತು. ಮೊದಲ ಮಾತು ರೆರೆಯಾಳ ಮನೆತನದ್ದು. ಎದುರು ಕಲ್ಲಿನ ತೆಬಾವು ಮನೆತನದವರು ಅದಕ್ಕೆ ಉತ್ತರ ಕೊಡಬೇಕು. ಕೊಡದೆ ಎದ್ದುಹೋದವನಿಗೆ ಆಮೇಲೆ ಊರಿನಲ್ಲಿ ಯಾರೂ ಬೆಂಕಿ ಕೂಡ ಕೊಡುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ತೆಬಾವು ಅದನ್ನು ಕೆಡವಿಸಿದ. ಕಲ್ಲೆಲ್ಲ ಪುಡಿಯಾಗಿತ್ತು, ಕಡಲ ತಡೆಗೋಡೆಗೆ ಸುರಿಸಿದೆ ಎಂದ. ಬದಲಿಗೆ ಸಿಮೆಂಟಿನ ಸಭಾಂಗಣ ಬಂತು. ಮೇಲೆ ತಗಡು, ಒಳಗೆ ಪ್ಲಾಸ್ಟಿಕ್ ಕುರ್ಚಿ. ಮಧ್ಯಾಹ್ನ ಅದರೊಳಗೆ ಮೀನು ಇಟ್ಟರೆ ಒಲೆ ಹಚ್ಚುವ ಕೆಲಸ ತಪ್ಪುತ್ತಿತ್ತು. ಸಭೆಗೆ ಬಂದವರು ಬೇಗ ಬೇಗ ಹೂಂ ಎಂದು ಎದ್ದು ಓಡುತ್ತಿದ್ದರು. ಹಾಗೆ ಹೂಂ ಎಂದ ಒಂದು ದಿನ ರೆರೆಯಾಳ ಬಾವಿಯಿಂದ ಹಾಲಿಸ್ ಎಂಬ ಬಿಳಿಯನ ರೆಸಾರ್ಟಿಗೆ ಪೈಪು ಹೋಯಿತು. ಅವಳು ಎದ್ದು ಮಾತಾಡಲು ಹೋದಾಗ ತೆಬಾವು ನಗುತ್ತಲೇ, "ಯಾವ ಕಲ್ಲಿಂದ ಮಾತಾಡ್ತಾ ಇದೀಯ ಚಿಕ್ಕಮ್ಮ?" ಎಂದು ಕೇಳಿದ್ದ. ತಿರುಗಿ ನೋಡಿದರೆ ಬೆನ್ನ ಹಿಂದೆ ನೀಲಿ ಕುರ್ಚಿ. ಎಲ್ಲರೂ ನಕ್ಕರು. ಅವತ್ತಿನಿಂದ ಅವಳ ಬಾವಿಯಲ್ಲಿ ಉಪ್ಪುನೀರು, ಸಭೆಯಲ್ಲಿ ಅವಳಿಗೆ ಮಾತಿಲ್ಲ.

ಈಗ ಅದೇ ಹಾಲಿಸ್ ತನ್ನ ರೆಸಾರ್ಟಿನಲ್ಲಿ ಮಾನೆಯಾಬಾ ಕಟ್ಟಿಸುತ್ತಿದ್ದ. ಮೇಲ್ವಿಚಾರಣೆ ತೆಬಾವುವಿನದು, ಮಾಡು ಹೊದಿಸುವ ಕೂಲಿ ರೆರೆಯಾಳದು, ಅವಳು ಒರಗಿದ್ದು ಅದರ ಕಂಬಕ್ಕೆ. ಸಿಮೆಂಟಿಲ್ಲ, ತಗಡಿಲ್ಲ, ಒಂದು ಮೊಳೆಯೂ ಇಲ್ಲ. ಹವಳದ ಕಲ್ಲು, ತೆಂಗಿನ ನಾರಿನ ಹಗ್ಗ, ಕೇದಗೆ ಗರಿ. ಇದು ಉಸಿರಾಡುವ ಮನೆ, ಇದರೊಳಗೆ ಮಲಗಿದವರ ಮೈಮನಸ್ಸು ತಾನಾಗಿ ಸರಿಹೋಗುತ್ತದೆ ಎಂದು ಅವನು ಹೇಳುತ್ತಿದ್ದನಂತೆ. ದೂರದೇಶದವರು ವಿಮಾನ ಹತ್ತಿ ಬಂದು ಇಲ್ಲಿ ಚಾಪೆ ಹಾಸಿ ಉಸಿರಾಡುವುದು ಕಲಿಯುತ್ತಾರಂತೆ. ಅವರ ಊರಲ್ಲಿ ಗಾಳಿ ಇಲ್ಲವೇ, ಇಲ್ಲಿಯದನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುವ ಹುನ್ನಾರವೇ ಎಂದು ರೆರೆಯಾ ಮೊದಲ ದಿನವೇ ಕೇಳಿದ್ದಳು. ಹೊದಿಸುವವರ ಗುಡಿಸಲಿಗೆ ಮಾತ್ರ ಹಾಲಿಸ್ ಹಳೆ ತಗಡು ಕೊಡಿಸಿದ್ದ.

ಏಣಿಯ ಮೇಲಿದ್ದ ಮುದುಕ ಕೈತುವಿನ ಹತ್ತಿರ ಹೋಗಿ ರೆರೆಯಾ ಪಿಸುಗುಟ್ಟಿದಳು. "ಅಣ್ಣಾ, ಇಳ್ದು ಬಾ. ಆ ಮೂಲೆ ಕಂಬುಕ್ಕೆ ಸುಮ್ನೆ ಒಂದ್ಸಲ ಒರ್ಗು."

ಕೈತು ಒರಗಿದ, ತನ್ನ ಮನೆತನದ ಕಲ್ಲು ಬೆನ್ನಿಗೆ ಸಿಕ್ಕಿತು. ಅವನ ಮುಖ ಸತ್ತ ತಾಯಿಯನ್ನು ಬೀದಿಯಲ್ಲಿ ಕಂಡವನಂತಾಯಿತು. "ಥೂ ಸೂಳೆಮಗ" ಎಂದಷ್ಟೇ ಹೇಳಿದ.

ಬುತ್ತಿ ಬಿಚ್ಚುವ ಹೊತ್ತಿಗೆ ಕೆಲಸದವರೆಲ್ಲ ಕಂಬ ಕಂಬಕ್ಕೆ ಬೆನ್ನು ತಿಕ್ಕುತ್ತಿದ್ದರು. ಹಾಲಿಸ್ ಅದನ್ನು ಕಂಡು ತುರಿಕೆಯ ಮುಲಾಮು ಕಳಿಸಿಕೊಟ್ಟ.

ಕಲ್ಲು ಸಿಕ್ಕಿತು, ಜೊತೆಗೆ ಅನುಮಾನವೂ ಹುಟ್ಟಿತು. ಇಷ್ಟು ಕಲ್ಲು ಊರು ದಾಟುವಾಗ ಒಬ್ಬರ ಕಣ್ಣಿಗೂ ಬೀಳಲಿಲ್ಲವೇ? ಕೈತುವಿನ ಮಗನ ಹೊಸ ದೋಣಿ ಎಲ್ಲಿಂದ ಬಂತು ಎಂದು ಒಬ್ಬ ಕೇಳಿದ. ನಿನ್ನ ಹೆಂಡತಿಗೆ ರೆಸಾರ್ಟಿನ ಅಡಿಗೆಮನೆಯಲ್ಲಿ ಕೆಲಸ ಯಾರು ಕೊಡಿಸಿದರು ಎಂದು ಕೈತು ತಿರುಗಿ ಕೇಳಿದ. ರೆರೆಯಾ ಎಲ್ಲರನ್ನೂ ಒಬ್ಬೊಬ್ಬರಾಗಿ ದಿಟ್ಟಿಸಿದಳು. ಆಮೇಲೆ ಹೇಳಿದಳು: ಯಾರು ಹೊತ್ತರು ಎಂದು ಕಿತ್ತಾಡುವುದು ಬೇಡ, ಕೇಳುವ ಜಾಗದಲ್ಲಿ ಕೂತು ಕೇಳೋಣ. ಮಾಡು ಹೊದಿಸಿದವರದ್ದೇ ಅದರ ಕೆಳಗಿನ ಮೊದಲ ಕೂರುವಿಕೆ. ಇದು ಇವತ್ತಿನ ನೇಮವಲ್ಲ.

ಕೆಲಸ ಮುಗಿದ ದಿನ ತೆಬಾವು ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಮಾಂಸ ಕೊಟ್ಟು, ನಾಳೆ ಅತಿಥಿಗಳು ಬರುತ್ತಾರೆ, ಒಬ್ಬರೂ ಈ ಕಡೆ ತಲೆ ಹಾಕಬೇಡಿ ಎಂದ.

ಮರುದಿನ ಬೆಳಿಗ್ಗೆ ಅತಿಥಿಗಳು ಬಣ್ಣಬಣ್ಣದ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಾಗ ಒಳಗೆ ಆಗಲೇ ಜನ ಕೂತಿದ್ದರು. ಮೈಗೆ ತೆಂಗಿನೆಣ್ಣೆ, ಸೊಂಟಕ್ಕೆ ಉಡುವ ಹಬ್ಬದ ಚಾಪೆ, ಒಂದನ್ನು ಬಿಟ್ಟರೆ ಕಲ್ಲಿಗೊಂದು ಬೆನ್ನು. ಅತಿಥಿಗಳನ್ನು ಕಂಡೂ ಒಬ್ಬರೂ ಏಳಲಿಲ್ಲ.

ಹಾಲಿಸ್ ತೆಬಾವುವಿನ ಕಡೆ ನೋಡಿದ. ಇದು ನಮ್ಮ ಸ್ವಾಗತದ ಪದ್ಧತಿ ಎಂದು ತೆಬಾವು ಸುಳ್ಳು ಹೇಳಿದ. ಅತಿಥಿಗಳು ಖುಷಿಪಟ್ಟು ಫೋಟೊ ತೆಗೆದರು. ತೆಗೆದು ಮುಗಿದರೂ ಸ್ವಾಗತ ಮುಗಿಯಲಿಲ್ಲ. ಬಿಸಿಲೇರಿತು. ಅತಿಥಿಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಹಾಲಿಸನ ಮುಖ ಬೆಂದ ಸಿಗಡಿಯಾಯಿತು. ಎಬ್ಬಿಸು ಇವರನ್ನು ಎಂದು ಗುಮಾಸ್ತನ ಬೆನ್ನಿಗೆ ಕೈಹಾಕಿ ತಳ್ಳಿದ.

ತೆಬಾವು ಬೈಯಲೆಂದೇ ಒಳಗೆ ಹೊರಟ. ಆದರೆ ಮಾನೆಯಾಬಾದಲ್ಲಿ ಹಿರಿಯರು ಕೂತಿರುವಾಗ ನೆಟ್ಟಗೆ ನಡೆಯುವ ಕಾಲು ಆ ದ್ವೀಪದಲ್ಲಿ ಹುಟ್ಟಿಯೇ ಇಲ್ಲ. ಸೂರಿನ ಕೆಳಗೆ ಬಂದದ್ದೇ ಅವನ ಸೊಂಟ ಬಾಗಿತು. ಬಾಗಿದವನು ಕೈಯನ್ನು ನೆಲದ ಹತ್ತಿರ ಇಳಿಬಿಟ್ಟು, ಕೂತವರ ಹಿಂದಿನಿಂದ ಸುತ್ತುಹಾಕಿ ನಡೆದ. ಅಪ್ಪನ ಕೈಹಿಡಿದು ಕಲಿತ ದಾರಿ. ಅವನ ಕಾಲು ಒಂದೇ ಒಂದು ಖಾಲಿ ಕಲ್ಲಿನ ಮುಂದೆ ನಿಂತಿತು, ಮಂಡಿ ಮಡಚಿತು. ಕಲ್ಲು ತಣ್ಣಗೆ ಬೆನ್ನಿಗೆ ತಾಗಿದ ಮೇಲೆಯೇ ತಾನು ಏನು ಮಾಡಿದೆ ಎಂದು ಅವನಿಗೆ ತಿಳಿದದ್ದು. ಎದುರಿಗೆ ರೆರೆಯಾ.

ಯಾರೂ ನಗಲಿಲ್ಲ.

"ಮಗಾ ತೆಬಾವು" ಎಂದಳು ರೆರೆಯಾ. ಎರಡು ವರ್ಷದಲ್ಲಿ ಕಲ್ಲಿಗೆ ಒರಗಿ ಅವಳು ಆಡಿದ ಮೊದಲ ಮಾತು. "ನಿನ್ನ ಬೆನ್ನಿಂದೆ ಐತಲ್ಲ, ಆ ಕಲ್ಲು. ಅದು ತಡೆಗೋಡೆಲಿ ಐತೆ ಅಂದಿದ್ದೆ. ಇಲ್ಲಿಗೆ ಹೆಂಗ್ ಬಂತು? ಯಾರ್ ಯಾರ್ ಹೊತ್ಕೊಂಡ್ ಬಂದ್ರು?"

ತೆಬಾವು ಬಾಯಿ ತೆರೆದ. ಹೊರಗೆ ಹಾಲಿಸ್ ಪೊಲೀಸರಿಗೆ ಫೋನು ಮಾಡುತ್ತಿದ್ದ. ಸಮುದ್ರ ಇಳಿದಿತ್ತು, ಅವರ ದೋಣಿ ಹವಳದ ದಿಬ್ಬ ದಾಟಲು ಉಬ್ಬರಕ್ಕೆ ಕಾಯಬೇಕಿತ್ತು.

"ಹೇಳ್ತೀನಿ ಚಿಕ್ಕಮ್ಮ" ಎಂದ ತೆಬಾವು. "ಎಲ್ಲಾರ್ ಹೆಸ್ರೂ ಹೇಳ್ತೀನಿ. ಕೂತ್ಕೊಂಡ್ ಕೇಳೋ ಧೈರ್ಯ ಇವ್ರಿಗೆ ಐತಾ ಕೇಳು."

ರೆರೆಯಾ ಕಲ್ಲಿಗೆ ಇನ್ನಷ್ಟು ಒತ್ತಿ ಕೂತಳು. ಗುಮಾಸ್ತನನ್ನು ನೋಡಲಿಲ್ಲ. ಕೈತುವಿನಿಂದ ಶುರುಮಾಡಿ, ತನ್ನವರ ಮಂಡಿಗಳನ್ನೇ ಒಂದೊಂದಾಗಿ ನೋಡತೊಡಗಿದಳು. ಎದ್ದುಹೋಗಲು ಯಾವುದು ಮೊದಲು ಅಲುಗುತ್ತದೆ ಎಂದು.