ಉಳಿಸಬೇಕಿದ್ದ ಕಚ್ಚು

ಸೋಮವಾರ ಬೆಳಿಗ್ಗೆ ಮಾರ್ಲೀಸ್ ಪೆರನೂ ಒಂದು ತಪ್ಪು ಮಾಡಿದಳು. ಗುರುವಾರದ ಹೊತ್ತಿಗೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೆರುಗಿನ ಚಕ್ರ ಹಾಕುವಳು, ಆರಿಸುವಳು, ಕಿಟಕಿಯ ಹತ್ತಿರ ಹೋಗಿ ಬೀದಿಯ ಹಿಮ ನೋಡುವಳು, ಮತ್ತೆ ಬಂದು ಅದೇ ಗಡಿಯಾರವನ್ನು ಕೈಗೆತ್ತಿಕೊಳ್ಳುವಳು.

ಗಡಿಯಾರಗಳ ಊರಾದ ಲಾ ಶೋ-ದ-ಫೋಂನಲ್ಲಿ ಆ ಕೆಲಸದವರಿಗೇನೂ ಬರವಿಲ್ಲ. ಆದರೆ ಹಳೆಯ ಚಿನ್ನದ ಕೈಗಡಿಯಾರದ ಹೊರಮೈಗೆ ಮೆರುಗು ಕೊಡಬೇಕೆಂದರೆ ಜನ ಕೇಳುವುದು ಮಾರ್ಲೀಸಳನ್ನು. ಮೂವತ್ತನಾಲ್ಕು ವರ್ಷದಿಂದ ಅವಳ ಕೆಲಸ ಒಂದೇ, ಅಂಚು ಮೊಂಡಾಗದಂತೆ ಗೀರು ತೆಗೆಯುವುದು. ಕಲಿಯಲು ಬಂದವರಿಗೆಲ್ಲ ಅವಳು ಮೊದಲು ಹೇಳುತ್ತಿದ್ದದ್ದು, "ಕಾಗದ ಓದು, ಆಮೇಲೆ ಕೈ ಹಚ್ಚು" ಎಂದು. ಪ್ರತಿ ಗಡಿಯಾರದ ಜೊತೆ ಒಂದು ಕಾಗದ ಬರುತ್ತದೆ. ಮುಟ್ಟಬೇಡಿ ಎಂದು ಗಿರಾಕಿ ಹೇಳಿದ ಜಾಗಕ್ಕೆ ಅದರಲ್ಲಿ ಕೆಂಪು ಸುತ್ತು ಹಾಕಿರುತ್ತಾರೆ.

ಸೋಮವಾರ ಅವಳೇ ಓದಲಿಲ್ಲ. ಪಟ್ಟಿ ಸಿಕ್ಕಿಸುವ ಕೊಂಬಿನ ಮೇಲೆ ಅರ್ಧ ಅಕ್ಕಿಕಾಳಿನಷ್ಟು ಕಚ್ಚೊಂದು ಕಂಡಿತು. ಕೈ ತನ್ನಷ್ಟಕ್ಕೆ ತಾನೇ ಚಕ್ರದ ಕಡೆ ಹೋಯಿತು. ಕಾಲು ಗಂಟೆಯಲ್ಲಿ ಕೊಂಬು ಕನ್ನಡಿಯಾಯಿತು. ಎಷ್ಟು ಚೆನ್ನಾಗಿ ಬಂತು ಎಂದು ಖುಷಿ ಬೇರೆ ಪಟ್ಟಳು, ಪುಣ್ಯಾತ್ಗಿತ್ತಿ. ಆಮೇಲೆ ಕಾಗದ ತಿರುಗಿಸಿದರೆ ಕೆಂಪು ಸುತ್ತು ಆ ಕಚ್ಚಿಗೇ ಬಿದ್ದಿತ್ತು.

ಗಡಿಯಾರ ಎಡ್ಮೇ ಕಲಾಮ್ ಎಂಬ ಹಿರಿಯ ಹೆಂಗಸಿನದು. ತೀರಿಹೋದ ಅವರ ಗಂಡ ವಿಲಿ ಕಾರ್ಖಾನೆಯಲ್ಲಿ ಇಂಥ ಗಡಿಯಾರಗಳಿಗೆ ಮುಳ್ಳು ಕೂರಿಸುತ್ತಿದ್ದವನು. ತಾನು ಮುಳ್ಳು ಕೂರಿಸಿದ್ದರಲ್ಲಿ ಒಂದನ್ನು ತಾನೇ ಕೊಳ್ಳಲು ಹನ್ನೊಂದು ವರ್ಷ ಕಾದ. ಕೊಂಡ ಮೂರನೇ ತಿಂಗಳಿಗೆ ಮಗಳು ಹುಟ್ಟಿದ ಸುದ್ದಿ ಬಂತು. ಮೆಟ್ಟಿಲು ಹಾರಿಕೊಂಡು ಓಡುವಾಗ ಕೈ ಕಬ್ಬಿಣದ ಕಂಬಿಗೆ ಬಡಿದು ಕಚ್ಚು ಬಿತ್ತು. ಅದನ್ನು ತೆಗೆಸಲು ಅವನು ಸಾಯುವವರೆಗೂ ಒಪ್ಪಲಿಲ್ಲವಂತೆ. ಇದನ್ನೆಲ್ಲ ಮದಾಮ್ ಕಲಾಮ್ ಅಂಗಡಿಯ ಯಜಮಾನ ಜೆರಾಲ್‌ನಿಗೆ ಹೇಳಿದ್ದರು. ಜೆರಾಲ್ ಮಾರ್ಲೀಸಳಿಗೆ ಹೇಳಿದ್ದು ಮಂಗಳವಾರ, ಎಲ್ಲ ಮುಗಿದ ಮೇಲೆ.

"ಇಷ್ಟಕ್ಕೆಲ್ಲ ಊಟ ಬಿಡ್ತಾರೇನೇ?" ಎಂದ ಅವನು ಗುರುವಾರ ಹತ್ತು ಗಂಟೆಯ ಕಾಫಿಗೆ. ಇಬ್ಬರೂ ಒಂದೇ ಶಾಲೆಯಲ್ಲಿ ಕೆಲಸ ಕಲಿತವರು. "ಮೊದಲೇ ತೆಗೆದಿಟ್ಟ ಫೋಟೊ ಇದೆ. ನೋಡ್ಕೊಂಡು ಅದೇ ಜಾಗದಲ್ಲಿ ಇನ್ನೊಂದು ಹಾಕು. ಐದು ನಿಮಿಷದ ಕೆಲಸ."

"ಮೋಸ ಅಲ್ವೇನೋ ಅದು?"

"ಆಯಮ್ಮ ನಾಳೆ ನಾಲ್ಕು ಗಂಟೆಗೆ ಬರ್ತಾರೆ. ಎಂಬತ್ತರ ಹತ್ರ ವಯಸ್ಸು. ಹೇಳಿ ಹೊಟ್ಟೆ ಉರಿಸ್ತೀಯಾ?"

"ಹಾಗಿದ್ರೆ ನೀನೇ ಹಾಕು."

"ನಾನು ಒಳಗಿನ ಯಂತ್ರದೋನಪ್ಪ. 'ಹೊರಗಿಂದು ನಂದು, ಮುಟ್ಟಬೇಡ' ಅಂತ ಮೂವತ್ತು ವರ್ಷ ನನ್ನ ಮೇಲೆ ರೇಗಿದೀಯಲ್ಲ, ಈಗ ಅನುಭವಿಸು."

ಮಾರ್ಲೀಸ್ ಹಿತ್ತಾಳೆಯ ತುಂಡಿನ ಮೇಲೆ ಅಭ್ಯಾಸ ಮಾಡಿದಳು. ಒಂದು ಆಳವಾಯಿತು, ಒಂದು ಓರೆಯಾಯಿತು. ಜೀವಮಾನವೆಲ್ಲ ಗೀರು ತೆಗೆದವಳಿಗೆ ಒಂದು ಗೀರು ಹಾಕಲು ಬಾರದೆ ಅವಮಾನವಾಯಿತು. ಫೋಟೊ ನೋಡುತ್ತ, ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು, ಶುಕ್ರವಾರ ಮಧ್ಯಾಹ್ನ ಕೊನೆಗೂ ಚಿನ್ನದ ಮೇಲೆ ಕೈಯಿಟ್ಟಳು. ಕಚ್ಚು ಫೋಟೊದಲ್ಲಿದ್ದಂತೆಯೇ ಬಂತು. ಜೆರಾಲ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಶಿಳ್ಳೆ ಹೊಡೆದ. ಅವಳಿಗೆ ಮಾತ್ರ ನೆಮ್ಮದಿಯಾಗಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಮದಾಮ್ ಕಲಾಮ್ ಬಂದರು. ಬಟ್ಟೆಯಲ್ಲಿ ಸುತ್ತಿದ ಒಣದ್ರಾಕ್ಷಿಯ ಸಿಹಿಬ್ರೆಡ್ ಮೇಜಿನ ಮೇಲಿಟ್ಟು, "ಬಿಸಿ ಇರುವಾಗ್ಲೇ ತಿನ್ನಿ, ಆಮೇಲೆ ಕಲ್ಲಾಗುತ್ತೆ" ಎಂದರು. ಗಡಿಯಾರವನ್ನು ಕಿವಿಗಿಟ್ಟು ಆಲಿಸಿದರು. ಆಮೇಲೆ ಹೆಬ್ಬೆರಳು ಸೀದಾ ಕೊಂಬಿನ ಕಡೆ ಹೋಯಿತು, ಕಚ್ಚಿನ ಮೇಲೆ ಒಂದು ಗಳಿಗೆ ನಿಂತಿತು.

"ಇದೆ," ಎಂದರು ಮದಾಮ್.

"ಇರದೆ ಎಲ್ಲಿ ಹೋಗುತ್ತೆ!" ಎಂದು ಜೆರಾಲ್ ನಕ್ಕ. ಮಾರ್ಲೀಸ್ ಅಲ್ಲೇ ಬಿದ್ದಿದ್ದ ಬ್ರಷ್ಷುಗಳನ್ನು ಜೋಡಿಸತೊಡಗಿದಳು. ಮದಾಮ್ ಗಡಿಯಾರ ಕಟ್ಟಿಕೊಂಡು, ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಹೊರಟರು.

ಬಾಗಿಲು ಮುಚ್ಚಿದ ಸದ್ದು ಕೇಳಿದ್ದೇ ತಡ, ಮಾರ್ಲೀಸ್ ಕೋಟೂ ಹಾಕಿಕೊಳ್ಳದೆ ಹೊರಗೆ ಓಡಿದಳು.

"ಮದಾಮ್! ನಿಲ್ಲಿ. ಅದು ನಿಮ್ಮ ಯಜಮಾನ್ರ ಕಚ್ಚಲ್ಲ. ಅದನ್ನ ನಾನು ತೆಗೆದುಬಿಟ್ಟೆ. ಇದು ನಾನು ಹಾಕಿದ್ದು."

ಮದಾಮ್ ಅವಳ ಏಪ್ರನ್ ನೋಡಿದರು, ಹಿಮದಲ್ಲಿ ನೆನೆಯುತ್ತಿದ್ದ ಅವಳ ಬಟ್ಟೆಚಪ್ಪಲಿ ನೋಡಿದರು.

"ಗೊತ್ತು ಕಣಮ್ಮಾ. ಬೆರಳಿಟ್ಟ ಕೂಡ್ಲೇ ಗೊತ್ತಾಯ್ತು. ವಿಲಿ ಪ್ರತಿ ಭಾನುವಾರ ಚರ್ಚಲ್ಲಿ ತೂಕಡಿಸೋನು. ಗೊರಕೆ ಶುರುವಾದ್ರೆ ತಿವಿಯೋಣ ಅಂತ ಅವನ ಮಣಿಕಟ್ಟು ಹಿಡ್ಕೊಂಡು ಕೂರ್ತಿದ್ದೆ. ಹಿಡ್ಕೊಂಡೋಳು ಆ ಕಚ್ಚನ್ನ ಉಜ್ತಾ ಇರ್ತಿದ್ದೆ. ಐವತ್ತು ವರ್ಷ ಉಜ್ಜಿ ಅದು ನುಣ್ಣಗಾಗಿತ್ತು. ಇದು ಚುಚ್ಚುತ್ತೆ."

ಮಾರ್ಲೀಸಳಿಗೆ ಭೂಮಿಯೊಳಗೆ ಇಳಿದುಹೋಗಬೇಕೆನ್ನಿಸಿತು. ಮೋಸಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇದು: ಬೆರಳು ತಾಗಿದ ಚಿನ್ನ ಹೇಗೆ ಸವೆಯುತ್ತದೆಂದು ಊರಿಗೆಲ್ಲ ಪಾಠ ಹೇಳಿದವಳೇ ಅದನ್ನು ಮರೆತಿದ್ದಳು.

"ಮತ್ತೆ ಒಳಗೆ ಯಾಕೆ ಸುಮ್ನಿದ್ರಿ?"

"ನೀವು ನನ್ನ ಮುಖಾನೇ ನೋಡ್ಲಿಲ್ಲ. ಪಾಪ ಅನ್ನಿಸ್ತು."

"ಒಳಗೆ ಬನ್ನಿ ಮದಾಮ್. ಹತ್ತೇ ನಿಮಿಷ. ಅಂಚು ನುಣ್ಣಗೆ ಮಾಡಿಕೊಡ್ತೀನಿ. ಹಳೇದಕ್ಕೂ ಇದಕ್ಕೂ ವ್ಯತ್ಯಾಸಾನೇ ಗೊತ್ತಾಗಲ್ಲ, ಹಾಗೆ ಮಾಡಿಕೊಡ್ತೀನಿ."

"ಬೇಡ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾರ್ಲೀಸಳಿಗೆ ಎಷ್ಟೋ ಹಗುರಾಗುತ್ತಿತ್ತು. "ನೀವು ಮಾಡಿಬಿಡ್ತೀರಿ, ಅದಕ್ಕೇ ಬೇಡ. ಇದನ್ನ ನಾನೇ ನೋಡ್ಕೋತೀನಿ. ನಾನಿರೋ ತನಕ ಎಷ್ಟು ನುಣ್ಣಗಾಗುತ್ತೋ ಅಷ್ಟಾಗ್ಲಿ. ಒಳಗೆ ಹೋಗಿ, ಶೀತ ಆಗುತ್ತೆ."

ಮದಾಮ್ ಕಲಾಮ್ ಇಳಿಜಾರಿನಲ್ಲಿ ಹೆಜ್ಜೆ ನೋಡಿಕೊಂಡು ಇಳಿದರು. ಅವರ ಬಲಗೈ ಕೋಟಿನ ಎಡತೋಳಿನೊಳಗೆ ಸೇರಿತ್ತು. ಬಟ್ಟೆಯ ಕೆಳಗೆ ಹೆಬ್ಬೆರಳು ಆಗಲೇ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು.