ಬಂದರಿನ ಸ್ವಿಚ್ಚು ಹೇಳಿದ ಎರಡು ದಾರಿಗಳ ಕಥೆ

ನಾನು ಒಂದು ನೆಟ್‌ವರ್ಕ್ ಸ್ವಿಚ್. ದೀಪ ಹಚ್ಚುವ ಗೋಡೆಯ ಸ್ವಿಚ್ಚಲ್ಲ, ಯಂತ್ರಗಳ ಮಾತನ್ನು ದಾರಿ ತೋರಿಸಿ ಕಳುಹಿಸುವ ಕಬ್ಬಿಣದ ಪೆಟ್ಟಿಗೆ. ನನ್ನ ಹುಟ್ಟಿನ ಬಗ್ಗೆ ಎರಡು ಹೇಳಿಕೆಗಳಿವೆ. ಬೆನ್ನಿನ ಚೀಟಿ ಒಂದು ದೇಶವನ್ನು ಹೆಸರಿಸುತ್ತದೆ, ನಾನು ಬಂದ ರಟ್ಟಿನ ಪೆಟ್ಟಿಗೆ ಇನ್ನೊಂದನ್ನು. ಎರಡನ್ನೂ ಹೇಳಿ ಮುಂದೆ ಹೋಗುತ್ತೇನೆ.

ಕರಾವಳಿಯ ಒಂದು ಬಂದರಿನಲ್ಲಿ, ಕ್ರೇನುಗಳನ್ನು ದೂರದಿಂದಲೇ ನಡೆಸುವ ಕೋಣೆಯ ಕಪಾಟಿನಲ್ಲಿ ನನ್ನನ್ನು ಕೂರಿಸಿದರು. ನನ್ನಿಂದ ಹಡಗುಕಟ್ಟೆಗೆ, ಮಾತನ್ನು ಬೆಳಕಾಗಿಸಿ ಒಯ್ಯುವ ಗಾಜಿನೆಳೆಯ ಎರಡು ದಾರಿ: ಉತ್ತರದ್ದು, ದಕ್ಷಿಣದ್ದು. ನನ್ನ ಹಿರಿಯರ ಕಾಲದಲ್ಲಿ ಒಂದನ್ನು ಮುಚ್ಚಿಯೇ ಇಡುತ್ತಿದ್ದರಂತೆ. ಎರಡೂ ತೆರೆದರೆ ಮಾತು ಸುತ್ತಿ ಸುತ್ತಿ ಎಂದಿಗೂ ಮನೆ ಸೇರುವುದಿಲ್ಲವೆಂಬ ಭಯ. ನನಗೆ ಎರಡನ್ನೂ ಬಳಸುವ ವಿದ್ಯೆ ಬರುತ್ತಿತ್ತು. ಯಾರಿಂದ ಯಾರಿಗೆ ಎಂದು ನೋಡಿ, ಲೆಕ್ಕ ಹಾಕಿ, ಒಂದು ಜೋಡಿಯ ಮಾತನ್ನೆಲ್ಲ ಒಂದೇ ದಾರಿಯಲ್ಲಿ ಕಳುಹಿಸುತ್ತಿದ್ದೆ. ಇಲ್ಲವಾದರೆ ಆಮೇಲೆ ಹೊರಟ ಮಾತು ಮೊದಲೇ ತಲುಪೀತು.

ಆಯುಧಪೂಜೆಯ ದಿನ ಮೇಲ್ವಿಚಾರಕ ದೂಮಪ್ಪನವರು ನನ್ನ ಎಳೆಗಳನ್ನು ಕಿತ್ತು, ಧೂಳು ಒರೆಸಿ, ಭಕ್ತಿಯಿಂದ ಕುಂಕುಮವಿಟ್ಟು, ಮತ್ತೆ ಸಿಕ್ಕಿಸಿದರು. ದಕ್ಷಿಣದ ಎಳೆಯ ತುದಿಗೆ ಚಿಟಿಕೆ ಪುಡಿ ಅಂಟಿಕೊಂಡಿತು. ಅಂದಿನಿಂದ ಆ ದಾರಿ ಹಿಡಿದ ಮಾತುಗಳಲ್ಲಿ ಕೆಲವು ಸೇರುತ್ತಿರಲಿಲ್ಲ. ಕಚೇರಿಯ ಕಡತ ಕಳೆದುಹೋದರೆ ಯಂತ್ರವೇ ಮತ್ತೊಮ್ಮೆ ಕಳುಹಿಸುತ್ತದೆ, ಯಾರಿಗೂ ತಿಳಿಯದು. ಆದರೆ ಕ್ರೇನು ನಡೆಸಲು ಹೊಸದಾಗಿ ಸೇರಿದ್ದ ಜೆಸಿಂತಾಳ ಕುರ್ಚಿಗೂ ಅವಳ ಕ್ರೇನಿಗೂ ನಡುವಿನ ಮಾತು ನನ್ನ ಲೆಕ್ಕದಲ್ಲಿ ದಕ್ಷಿಣಕ್ಕೆ ಬಿದ್ದಿತ್ತು. ಪರದೆಯ ಚಿತ್ರ ತಟ್ಟನೆ ನಿಲ್ಲುವುದು, ಕ್ರೇನು ಅಪಾಯವಾಗದಿರಲೆಂದು ತಾನೇ ನಿಂತುಬಿಡುವುದು, ಕಂಟೇನರ್ ತೊಟ್ಟಿಲಂತೆ ತೂಗುವುದು. ಅವಳಿನ್ನೂ ಪರೀಕ್ಷೆಯ ಅವಧಿಯಲ್ಲಿದ್ದಳು.

ಕೋಣೆಯ ಮೈಕಿನ ಮಾತೂ ನನ್ನ ಮೂಲಕವೇ ಹಾದುಹೋಗುತ್ತಿದ್ದುದರಿಂದ ಮುಂದಿನದು ನಾನೇ ಕೇಳಿದ್ದು.

ನೆಟ್‌ವರ್ಕ್ ನೋಡಿಕೊಳ್ಳುವ ಮುನೀರ್ ಪರೀಕ್ಷಿಸಿ, "ಎಲ್ಲ ಸರಿ ಉಂಟು" ಎಂದ. ಅವನ ಪರೀಕ್ಷೆಯ ಸಂದೇಶಗಳು ನನ್ನ ಲೆಕ್ಕದಲ್ಲಿ ಉತ್ತರಕ್ಕೆ ಬಿದ್ದಿದ್ದವು. ದೂಮಪ್ಪನವರು ಪಕ್ಕದ ಕುರ್ಚಿಯಿಂದ ಅದೇ ಕ್ರೇನಿನಲ್ಲಿ ಕಂಟೇನರ್ ಎತ್ತಿದರು. ಕುರ್ಚಿ ಬದಲಾದ್ದರಿಂದ ಮಾತು ಉತ್ತರದ ದಾರಿ ಹಿಡಿಯಿತು. ಕಂಟೇನರ್ ಹೂವಿನಂತೆ ಇಳಿಯಿತು.

"ನೋಡಿದಿಯಲ್ಲ? ಕ್ರೇನಿಗೆ ಎಂತದೂ ಆಗ್ಲಿಲ್ಲ, ನಿನ್ನ ಕೈ ನಡುಗುದು. ನಾಳೆಯಿಂದ ಗೇಟಿನಲ್ಲಿ ಲಾರಿ ನೋಡಿಕೊಂಡಿರು."

"ನನ್ನ ಕುರ್ಚಿಯಲ್ಲಿ ಕೂತು ಒಮ್ಮೆ ಎತ್ತಿ ಸರ್. ಎಂತ, ಹೆದರಿಕೆಯಾ?"

"ಹೆದರಿಕೆ? ನನಗೆ? ಏಳು ಮಾರಾಯ್ತಿ!"

ಅವರು ಅವಳ ಕುರ್ಚಿಯಲ್ಲಿ ಕೂತು ಎತ್ತಿದರು. ಅರ್ಧಕ್ಕೆ ಚಿತ್ರ ನಿಂತಿತು. ಕಂಟೇನರ್ ತೂಗಿತು.

"ನಿಮ್ಮ ಕೈ ಸಹ ನಡುಗುತ್ತದಲ್ಲ ಸರ್," ಎಂದಳು ಜೆಸಿಂತಾ. "ಬನ್ನಿ, ಗೇಟಿಗೆ ಒಟ್ಟಿಗೇ ಹೋಗುವ."

ಆಗ ಮುನೀರ್ ನನ್ನ ಲೆಕ್ಕವನ್ನು ಬದಿಗಿಟ್ಟು, ಒಂದೊಂದು ದಾರಿಯನ್ನೂ ತಾನೇ ಗೊತ್ತುಮಾಡಿ ಪರೀಕ್ಷೆಯ ಸಂದೇಶಗಳನ್ನು ಓಡಿಸಿದ. ಉತ್ತರದವು ತಲುಪಿದವು, ದಕ್ಷಿಣದವು ಸೋರಿದವು. ಎಳೆ ಕಿತ್ತು ತುದಿ ನೋಡಿದ.

"ದೂಮಪ್ಪಣ್ಣ, ಇದಕ್ಕೆ ಬೊಟ್ಟು ಇಟ್ಟದ್ದು ಯಾರು?"

"ಆಯುಧಪೂಜೆಗೆ ಇಡದೆ ಮತ್ತೆ?"

"ಹಣೆ ಇದ್ದವರಿಗೆ ಇಡಿ ಮಾರಾಯ್ರೆ. ಇದಕ್ಕೆ ಇರುದು ಕಣ್ಣು ಮಾತ್ರ."

ಹೊಸ ಎಳೆ ಬರುವ ತನಕ ಕ್ರೇನುಗಳ ಮಾತೆಲ್ಲ ಉತ್ತರದಲ್ಲೇ ಹೋಗಬೇಕೆಂದು ಅವನು ನನಗೆ ಕಟ್ಟಳೆ ಬರೆದ. ಜೆಸಿಂತಾ ತನ್ನ ಕುರ್ಚಿಯಲ್ಲೇ ಉಳಿದಳು.

ಈಗ ನನ್ನ ಜಾಗಕ್ಕೆ ಹೊಸಬ ಬಂದಿದ್ದಾನೆ. ನಾನು ಉಗ್ರಾಣದಲ್ಲಿ, ಒಡೆದ ಹೆಲ್ಮೆಟ್ಟುಗಳ ನಡುವೆ ಇದ್ದೇನೆ. ಎರಡು ದಾರಿಯೂ ಸಮವೆಂದು ನನಗೆ ಕಲಿಸಿದ್ದರು, ನಾನು ನಂಬಿದ್ದೆ. ಒಂದು ದಾರಿ ಕೆಟ್ಟರೆ ಊರಿಗೆಲ್ಲ ಕ್ಷೇಮ, ಆ ದಾರಿಗೆ ಬಿದ್ದವರಿಗೆ ಮಾತ್ರ ಕೇಡು. ಬಂದರಿನಲ್ಲಿ ಈಚೆಗೆ ಒಂದು ಗಾದೆ ಹುಟ್ಟಿದೆ: "ಕೈಯನ್ನು ಬೈಯುವ ಮುಂಚೆ ಕುರ್ಚಿಯಲ್ಲಿ ಕೂತು ನೋಡು." ಮೊನ್ನೆ ಉಗ್ರಾಣದ ಬಾಗಿಲಲ್ಲಿ ಒಬ್ಬ ಹಮಾಲಿ ಅದನ್ನು ಇನ್ನೊಬ್ಬನಿಗೆ ಹೇಳಿದ. ತನ್ನ ಅಜ್ಜಿಯ ಕಾಲದ ಮಾತೆಂದು ಆಣೆ ಹಾಕಿದ.