ಎರಡು ತುದಿಗೆ ಎರಡು ಕೊಂಡಿ

ರೈಲು ಹಳಿಯೇ ಇಲ್ಲದ ಕಡೆಯಿಂದ ರೈಲಿನ ಕಥೆ ಹೇಳಲು ಹೊರಟದ್ದಕ್ಕೆ ಮೊದಲು ಕ್ಷಮೆ ಇರಲಿ. ಅದೂ ದೊಡ್ಡ ರೈಲಿನದ್ದಲ್ಲ. ಅಂಗೈಯಲ್ಲಿ ಹಿಡಿಯುವ ಮಾದರಿ ಬೋಗಿಗಳ ನಡುವಿನ, ಉಗುರಿನಷ್ಟು ಗಾತ್ರದ ಕೊಂಡಿಯದ್ದು. ತಿಳಿದವರು ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದರು. ಆದರೆ ತಿಳಿದವರಿಬ್ಬರೂ ಈ ವಿಷಯಕ್ಕೆ ಬಾಯಿ ಬಿಡುವುದಿಲ್ಲ.

ಒಬ್ಬರು ಮೂಡುಬಿದಿರೆ ಹತ್ತಿರದ ಪುತ್ತಿಗೆಯ ಸಂಕಪ್ಪ ಶೆಟ್ಟರು, ಮುಂಬಯಿಯ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಬಂದವರು. ಇನ್ನೊಬ್ಬರು ಬಂಟ್ವಾಳದ ಇಬ್ರಾಹಿಂ ಹಾಜಿಯವರು, ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವರು. ಇಬ್ಬರಿಗೂ ಪುಟ್ಟ ರೈಲಿನ ಹುಚ್ಚು. ಅದನ್ನು ಆಟಿಕೆ ಎಂದರೆ ಇಬ್ಬರಿಗೂ ಸಿಟ್ಟು. ಅವರೊಳಗೆ ಒಮ್ಮತ ಇದ್ದದ್ದು ಅದೊಂದರಲ್ಲೇ. ಇಬ್ಬರೂ ಸೇರಿ ‘ಮೂರು ತಾಲೂಕು ಮಾದರಿ ರೈಲು ಬಳಗ’ ಕಟ್ಟಿದರು. ಶೆಟ್ಟರು ಅಧ್ಯಕ್ಷರಾದರು, ಹಾಜಿಯವರು ಗೌರವಾಧ್ಯಕ್ಷರಾದರು. ಮೂರನೆಯ ತಾಲೂಕಿನ ಲೆಕ್ಕಕ್ಕೆ ಬೆಳ್ತಂಗಡಿಯಿಂದ ಒಬ್ಬರು ಬೇಕಿತ್ತು, ನಡಾವಳಿ ಬರೆಯಲೂ ಒಬ್ಬರು ಬೇಕಿತ್ತು. ಲಾಯಿಲದ ಹಾಲಿನ ಸೊಸೈಟಿಯ ಗುಮಾಸ್ತೆ ಕಾಂತಿ ಎರಡಕ್ಕೂ ಒದಗಿದಳು. ಹೀಗೆ ಮೂವರ ಸಂಘದಲ್ಲಿ ಸಾಮಾನ್ಯ ಸದಸ್ಯರೇ ಇಲ್ಲದಂತಾಯಿತು.

ಶೆಟ್ಟರಲ್ಲಿ ಆರು ಬೋಗಿ, ಹಾಜಿಯವರಲ್ಲಿ ಆರು ಬೋಗಿ. ಕಾಂತಿಯ ಹತ್ತಿರ ಒಂದು ವ್ಯಾಗನ್. ಚಕ್ರ ಮಾತ್ರ ಕೊಂಡದ್ದು, ಉಳಿದದ್ದು ಬಿಸ್ಕತ್ ಡಬ್ಬದ ತಗಡು. ಏಳು ತಿಂಗಳ ಭಾನುವಾರಗಳನ್ನು ಅದಕ್ಕೆ ಸುರಿದಿದ್ದಳು. ತೂಕಕ್ಕೆಂದು ಒಳಗೆ ಮೀನು ಬಲೆಯ ಸೀಸದ ಗುಂಡು ಅಂಟಿಸಿದ್ದಳು. ಬಾಗಿಲು ನಿಜವಾಗಿಯೂ ಸರಿಯುತ್ತಿತ್ತು. ಮೂಡುಬಿದಿರೆಯ ಸಭಾಭವನದಲ್ಲಿ ಬಳಗದ ಮೊದಲ ಪ್ರದರ್ಶನ ನಡೆಯಲಿತ್ತು. ಅಲ್ಲಿ ತನ್ನ ವ್ಯಾಗನ್ ಒಂದು ಸುತ್ತು ಓಡಬೇಕು ಎಂಬುದು ಅವಳ ಆಸೆ. ಕೇಳಲು ನಾಚಿಕೆಯಾಗುವಷ್ಟು ಸಣ್ಣ ಆಸೆ.

ಆದರೂ ಬಂಟ್ವಾಳದ ಹೋಟೆಲಿನಲ್ಲಿ ನಡೆದ ಬಳಗದ ಸಭೆಯಲ್ಲಿ ಗೋಳಿಬಜೆ ಮುಗಿಯುವವರೆಗೆ ಕಾದು ಕೇಳಿದಳು. ಕೊಂಡಿಯೇ ಇಲ್ಲದ್ದನ್ನು ಎಲ್ಲಿಗೆ ಸಿಕ್ಕಿಸುವುದು, ಮೊದಲು ಒಂದು ಕೊಂಡಿ ಆರಿಸಿಕೋ ಎಂದರು ಇಬ್ಬರೂ. ಯಾವುದು ಎಂದು ಕೇಳಿದ್ದು ಅವಳ ತಪ್ಪು.

ಶೆಟ್ಟರ ಬೋಗಿಗಳಿಗೆ ಹಳೆಯ ನಮೂನೆಯ ಕೊಂಡಿ: ಮುಂದಕ್ಕೆ ಚಾಚಿದ ಅಗಲದ ಬಳೆ, ಅದರೊಳಗೊಂದು ಕೊಕ್ಕೆ. ನೋಡಲಿಕ್ಕೆ ಚಂದವಿಲ್ಲ, ಹಿಡಿದರೆ ಬಿಡುವುದಿಲ್ಲ. ಹಾಜಿಯವರದ್ದು ಮುಷ್ಟಿಗೆ ಮುಷ್ಟಿ ಕೊಟ್ಟಂತೆ ಕೂಡುವ ಕೊಂಡಿ. ನಿಜವಾದ ರೈಲಿನಂತೆಯೇ ಕಾಣುತ್ತದೆ, ಎತ್ತರ ಕೂದಲೆಳೆಯಷ್ಟು ತಪ್ಪಿದರೆ ಕಳಚುತ್ತದೆ.

“ಅದು ಕೊಂಡಿಯಾ ಶೆಟ್ರೆ? ಬಾವಿಯಿಂದ ಕೊಡಪಾನ ಎತ್ತುವ ಪಾತಾಳಗರಡಿಯ ಹಾಗೆ ಉಂಟು,” ಎಂದರು ಹಾಜಿಯವರು.

“ನಮ್ಮದು ಕೊಡಪಾನವಾದ್ರೂ ಎತ್ತುತ್ತದೆ ಹಾಜಿಯವರೇ. ನಿಮ್ಮದು ಕೈಕುಲುಕಿ, ಫೋಟೊ ತೆಗೆಸಿ, ಅರ್ಧ ದಾರಿಯಲ್ಲಿ ಕೈಬಿಡ್ತದೆ,” ಎಂದರು ಶೆಟ್ಟರು.

ಯಾವುದಾದರೂ ಒಂದು ಬೋಗಿಯ ಒಂದು ತುದಿಯ ಕೊಂಡಿ ಬದಲಿಸಿದರೆ ಹನ್ನೆರಡೂ ಒಂದಾಗುತ್ತಿದ್ದವು. ಸ್ಕ್ರೂಡ್ರೈವರ್ ಹಿಡಿದರೆ ಅರ್ಧ ನಿಮಿಷದ ಕೆಲಸ. ಆದರೆ ಬೋಗಿ ಯಾರದ್ದಾಗಬೇಕು? ಎಂಜಿನ್ ಶೆಟ್ಟರದ್ದೆಂದು ಚೀಟಿ ಎತ್ತಿ ತೀರ್ಮಾನವಾಗಿತ್ತು. ಎಂಜಿನ್ ಬಿಟ್ಟುಕೊಟ್ಟ ಮೇಲೆ ಕೊಂಡಿಯನ್ನೂ ಬಿಡುವುದೆಂದರೆ ಹಾಜಿಯವರಿಗೆ ಬಂಟ್ವಾಳವನ್ನೇ ಬರೆದುಕೊಟ್ಟ ಹಾಗೆ. ಶೆಟ್ಟರಾದರೋ ಅಧ್ಯಕ್ಷರು, ಅಧ್ಯಕ್ಷರು ಬದಲಾಯಿಸಿಕೊಳ್ಳುವುದು ಎಲ್ಲಿಯಾದರೂ ಉಂಟೇ? ದಿನ ಹತ್ತಿರ ಬಂದಾಗ ಸರಿಹೋಗುತ್ತದೆ ಎಂಬ ಒಕ್ಕೊರಲಿನ ತೀರ್ಮಾನವನ್ನು ಕಾಂತಿ ಬರೆದುಕೊಂಡಳು. ಆಮಂತ್ರಣದಲ್ಲಿ ‘ಮೂರು ತಾಲೂಕು, ಒಂದೇ ರೈಲು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಯಿತು.

ಕಾಂತಿ ಎರಡು ನಮೂನೆಯ ಕೊಂಡಿಗಳನ್ನೂ ತರಿಸಿದಳು. ಇಸ್ತ್ರಿ ಮೇಜಿನ ಮೇಲೆ ಎರಡು ವಾರ ಎಳೆದು, ಹಿಂದಕ್ಕೆ ತಳ್ಳಿ, ತಿರುವಿನಲ್ಲಿ ಓಡಿಸಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದಳು. ಎಷ್ಟು ಬರೆದರೂ ಲೆಕ್ಕ ಒಂದೇ ಕಡೆಗೆ ಬರುತ್ತಿತ್ತು: ಬಳೆ ಹಾಕಿದರೆ ಹಾಜಿಯವರು ಮಾತು ಬಿಡುತ್ತಾರೆ, ಮುಷ್ಟಿ ಹಾಕಿದರೆ ಶೆಟ್ಟರು ಮುಖ ತಿರುಗಿಸುತ್ತಾರೆ. ಕೊನೆಗೆ ಒಂದು ತುದಿಗೆ ಬಳೆ ಹಾಕಿದಳು, ಇನ್ನೊಂದು ತುದಿಗೆ ಮುಷ್ಟಿ ಹಾಕಿದಳು. ಮುಷ್ಟಿಯ ಎತ್ತರ ಸಾಲದೆಂದು ಹಾಲಿನ ಪ್ಯಾಕೆಟ್ಟಿನ ಚೂರನ್ನು ನಾಲ್ಕು ಮಡಿಕೆ ಮಾಡಿ ಅಡಿಗೆ ಇಟ್ಟಳು. ಇದು ಜಾಣತನವಲ್ಲ, ಹೆದರಿಕೆ. ಅದನ್ನು ಜಾಣತನವೆಂದು ಕರೆಯುವವರು ಆಮೇಲೆ ಬಂದರು.

ಮುಂದಿನ ಸಭೆಯಲ್ಲಿ ವ್ಯಾಗನ್ ಸಿದ್ಧವಾಗಿದೆ ಎಂದಳು. ಬರುವ ವರ್ಷ ನೋಡುವ ಎಂದರು ಇಬ್ಬರೂ.

ಪ್ರದರ್ಶನದ ಬೆಳಿಗ್ಗೆ ದಿನ ಸಾಕಷ್ಟು ಹತ್ತಿರ ಬಂದಿತ್ತು, ಏನೂ ಸರಿಹೋಗಿರಲಿಲ್ಲ. ಹಳಿಯ ಮೇಲೆ ಶೆಟ್ಟರ ಬಳೆಯೂ ಹಾಜಿಯವರ ಮುಷ್ಟಿಯೂ ಎದುರುಬದುರಾಗಿ ನಿಂತವು, ಮಾತು ಬಿಟ್ಟ ನೆಂಟರ ಹಾಗೆ. ಮುಖ್ಯ ಅತಿಥಿಗಳ ಕಾರು ಬಂತೆಂದು ಯಾರೋ ಹೇಳಿದರು. ಮೇಜಿನ ಆಚೆ ಈಚೆ ಇಬ್ಬರ ಕೈಯಲ್ಲೂ ಸ್ಕ್ರೂಡ್ರೈವರ್ ಇತ್ತು. ಇಬ್ಬರೂ ಇನ್ನೊಬ್ಬರ ಬೋಗಿಯನ್ನೇ ನೋಡುತ್ತಿದ್ದರು.

ಕಾಂತಿ ಬುತ್ತಿ ಡಬ್ಬದಿಂದ ವ್ಯಾಗನ್ ತೆಗೆದಳು. ಸಂದಿನಲ್ಲಿಟ್ಟು ಒಂದು ಕಡೆಗೆ ತಳ್ಳಿದಳು, ಇನ್ನೊಂದು ಕಡೆಗೆ ತಳ್ಳಿದಳು. ಟಿಕ್, ಟಿಕ್.

“ನಿನ್ನಲ್ಲಿ ಮೊದಲೇ ಇತ್ತಲ್ಲ ಮಾರಾಯ್ತಿ, ಹೇಳ್ಲಿಕ್ಕೆ ಏನಾಗಿತ್ತು?” ಎಂದರು ಶೆಟ್ಟರು.

“ಎರಡು ಸಲ ಹೇಳಿದ್ದೇನೆ ಶೆಟ್ರೆ. ನಡಾವಳಿಯಲ್ಲಿ ಉಂಟು. ನೀವೇ ಸಹಿ ಹಾಕಿದ್ದೀರಿ.”

ರೈಲು ಓಡಿತು, ಒಂದಲ್ಲ, ನಲವತ್ತು ಸುತ್ತು. ಮುಖ್ಯ ಅತಿಥಿಗಳು ಐಕ್ಯತೆಯ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದರು. ರೈಲು ಕಳಚದೆ ಓಡಿದ್ದು ತಮ್ಮ ಬಳೆಯ ಗಟ್ಟಿತನದಿಂದ ಎಂದು ಶೆಟ್ಟರು ಹೇಳಿದರು, ತಮ್ಮ ಮುಷ್ಟಿಯ ನಯದಿಂದ ಎಂದು ಹಾಜಿಯವರು ಹೇಳಿದರು. ನಡುವಿನ ಕಂದು ಡಬ್ಬದ ಬಗ್ಗೆ ಕೇಳಿದವರಿಗೆ, ಅದೊಂದು ವ್ಯವಸ್ಥೆ ಎಂದು ಇಬ್ಬರೂ ಉತ್ತರಿಸಿದರು.

ಬರುವ ವರ್ಷಕ್ಕೂ ಅದನ್ನು ತಪ್ಪದೆ ತರಬೇಕೆಂದು ಅಲ್ಲೇ ನಿರ್ಣಯವಾಯಿತು. ಕಾಂತಿ ಬರೆದುಕೊಂಡಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಒಳಗೊಂದು ಮುಳ್ಳು. ಅವರಿಗೆ ಬೇಕಾದದ್ದು ವ್ಯಾಗನ್ನೋ, ಬರೇ ಅದರ ಎರಡು ತುದಿಯೋ?

ಕೊನೆಯಲ್ಲಿ ಬೋಗಿಗಳನ್ನು ಬಿಡಿಸುವಾಗ ಹಾಜಿಯವರು ಅವಳ ವ್ಯಾಗನ್ನನ್ನು ಕನ್ನಡಕದ ಹತ್ತಿರ ಹಿಡಿದರು. ಉಗುರಿನಿಂದ ಬಾಗಿಲನ್ನು ಮೆಲ್ಲ ಸರಿಸಿದರು, ಮುಚ್ಚಿದರು, ಮತ್ತೆ ಸರಿಸಿದರು. “ಕಾಂತಿ, ಇದು…” ಎಂದರು. ಅಷ್ಟರಲ್ಲಿ ಫೋಟೊಕ್ಕೆ ಕರೆ ಬಂತು. ವ್ಯಾಗನ್ನನ್ನು ಅವಳ ಕೈಗಿಟ್ಟು ಹೋದರು.

ಅವರು ಏನು ಹೇಳಲು ಹೊರಟಿದ್ದರೆಂದು ಕಾಂತಿ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇದನ್ನು ಹೇಳುವವರಿಗೂ ಅದು ಗೊತ್ತಿಲ್ಲ.